ತಣ್ಣೀರಿಗೆ ಇಳಿಸಿದವರು

ಕಳೆದ ಭಾನುವಾರ ಹಿತ್ತಲಿನ ಶೆಡ್ ಚೊಕ್ಕಟ ಮಾಡುತ್ತಿದ್ದಾಗ ಮೂಲೆಯಲ್ಲಿದ್ದ ದೊಡ್ಡ ಪ್ಲಾಸ್ಟಿಕ್ ಡಬ್ಬವೊಂದರ ಮುಚ್ಚಳ ತೆಗೆದೆ. ರಬ್ಬರಿನ ವಾಸನೆ, ಅದರ ಹಿಂದೆಯೇ ಒಣಗಿದ ಉಪ್ಪು ಮತ್ತು ಪಾಚಿಯ ವಾಸನೆ. ಒಳಗಿದ್ದದ್ದು ನಾನು ಡೈವಿಂಗ್ ಕಲಿಯುವಾಗ ತೊಡುತ್ತಿದ್ದ ಹಳೆಯ ಸೂಟು. ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದೆ... ಪಕ್ಕದ ಮನೆಯ ತಾತ ನೆನಪಾದರು.

ತಾತ ಎಂದರೆ ನಮ್ಮ ನೆಂಟರೇನಲ್ಲ. ಐರ್ಲೆಂಡಿನ ಕಾರ್ಕ್ ನಗರದ ಹೊರಗೆ, ಕಡಲಿಗೆ ಎರಡು ಕಿಲೋಮೀಟರ್ ದೂರದ ಬಡಾವಣೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಹೆಂಡತಿ ತೀರಿಹೋದ ಮೇಲೆ ಒಬ್ಬರೇ ಇದ್ದ ಐರಿಶ್ ಹಿರಿಯರು. ನಾನೂ ನನ್ನ ಹೆಂಡತಿಯೂ ಮನೆಯೊಳಗೆ ಅವರನ್ನು ‘ತಾತ’ ಎಂದೇ ಹೇಳುತ್ತಿದ್ದೆವು. ಆರು ವರ್ಷದ ಮಗಳು ಅದೇ ಅವರ ಹೆಸರೆಂದು ತಿಳಿದು ಒಂದು ದಿನ ಬೇಲಿಯ ಆಚೆಗೆ ಕೂಗಿ ಕರೆದಳು. ಅವರು ಅರ್ಥ ಕೇಳಿ ತಿಳಿದುಕೊಂಡರು. ಅಂದಿನಿಂದ ನನಗೆ ಕಳಿಸುವ ಮೆಸೇಜುಗಳ ಕೊನೆಗೂ ಅದನ್ನೇ ಹಾಕತೊಡಗಿದರು.

ಕೋವಿಡ್‌ನ ಮೊದಲ ವರ್ಷ. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಔಷಧ ಕಂಪನಿಯ ನನ್ನ ಕೆಲಸ ಮಲಗುವ ಕೋಣೆಯ ಮೂಲೆಗೆ ಬಂದು ಕೂತಿತ್ತು. ಸಂಜೆ ಲ್ಯಾಪ್‌ಟಾಪ್ ಮುಚ್ಚಿ, ದೋಣಿ ಕಟ್ಟುವ ಕಲ್ಲುಕಟ್ಟೆಯವರೆಗೆ ನಡೆದುಹೋಗಿ, ನೀರು ನೋಡಿ ವಾಪಸು ಬರುತ್ತಿದ್ದೆ. ಒಂದು ಸಂಜೆ ತಾತ ಈಜು ಮುಗಿಸಿ ಮೆಟ್ಟಿಲು ಹತ್ತಿ ಬಂದರು. ಟವೆಲ್ ಹೊದ್ದು ದೂರವೇ ನಿಂತರು.

“ದಿನಾ ಬಂದು ನೋಡಿ ಹೋಗ್ತೀಯಲ್ಲ, ಇಳಿಯೋದು ಯಾವಾಗ?” ಎಂದರು. ಹಾಡಿನ ಹಾಗೆ ಏರಿ ಇಳಿಯುವ ಕಾರ್ಕ್ ಇಂಗ್ಲಿಷು ಅವರದು. ನನ್ನ ಕಿವಿಯಲ್ಲಿ ಉಳಿದಿರುವುದು ಮಾತ್ರ ಕನ್ನಡದಲ್ಲಿ.

“ಈಜುಕೊಳದಲ್ಲಾದ್ರೆ ಈಜ್ತೀನಿ. ಕಡಲು ನನ್ನ ಕೈಲಾಗಲ್ಲ.”

“ಮೇಲಿಂದ ನೋಡ್ತಾ ನಿಂತ್ರೆ ಯಾರ ಕೈಲೂ ಆಗಲ್ಲ. ಒಂದ್ಸಲ ಒಳಗಿಂದ ನೋಡು.”

ಊರಿನ ಡೈವಿಂಗ್ ಕ್ಲಬ್ಬಿನಲ್ಲಿ ಅವರು ಮೂವತ್ತು ವರ್ಷದಿಂದ ಕಲಿಸುತ್ತಿದ್ದವರು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಬೇಸಿಗೆಯಲ್ಲಿ ನಿಯಮ ಸಡಿಲವಾಗಿ ಕ್ಲಬ್ಬು ತೆರೆದಾಗ ಯಾಕೆ ಹೂಂ ಎಂದೆನೋ... ಒಂದು ಶನಿವಾರ ಬೆಳಿಗ್ಗೆ, ಮೈ ಬಿಗಿಹಿಡಿಯುವ ದಪ್ಪ ಸೂಟು ತೊಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರು ಹೊತ್ತು, ಸೊಂಟಕ್ಕೆ ಸೀಸದ ಬೆಲ್ಟು ಕಟ್ಟಿ ಮೆಟ್ಟಿಲ ಮೇಲೆ ನಡುಗುತ್ತಾ ನಿಂತಿದ್ದೆ. ತಾತ ಫ್ಲಾಸ್ಕಿನಿಂದ ನನ್ನ ಗ್ಲೌಸಿನೊಳಕ್ಕೆ ಬಿಸಿನೀರು ಹೊಯ್ದರು. “ಮೊದಲು ಮುಖ ತೋಯಿಸ್ಕೋ. ತಣ್ಣೀರು ಮುಖಕ್ಕೆ ಹೊಡೆದಾಗ ಉಸಿರು ಸಿಕ್ಕಿಕೊಳ್ಳತ್ತೆ, ಅದು ಕಳೆಯೋ ತನಕ ನಿಲ್ಲು. ಒಂದೇ ಮಾತು ನೆನಪಿಟ್ಕೋ. ಕೆಳಗೆ ಯಾವತ್ತೂ ಉಸಿರು ಹಿಡೀಬೇಡ.”

ಬೇಸಿಗೆಯಲ್ಲೂ ನೀರು ಕೊರೆಯುತ್ತಿತ್ತು. ಸೂಟಿನ ಕತ್ತಿನಿಂದ ಒಂದು ತಣ್ಣನೆಯ ಗೆರೆ ಬೆನ್ನ ಮೇಲೆ ಇಳಿಯಿತು. ಮೂರು ಮೀಟರ್ ಆಳದಲ್ಲಿ ತಾತ ‘ಸರಿಯಾಗಿದ್ದೀಯಾ’ ಎಂದು ಸನ್ನೆ ಮಾಡಿದರು. ಗಾಬರಿಯಲ್ಲಿ ಹೆಬ್ಬೆರಳು ಎತ್ತಿದೆ. ನೀರಿನೊಳಗೆ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ತಾತ ನನ್ನನ್ನು ಕರೆದುಕೊಂಡು ಮೇಲೆ ಬಂದರು. ಹೀಗೆ ಮೂರು ಸಲ. ನಾಲ್ಕನೆಯ ಸಲ ನನ್ನ ಕೈ ಹಿಡಿದುಕೊಂಡು ಇಳಿದರು, ಬಿಡಲೇ ಇಲ್ಲ. ದಡದಲ್ಲಿ ಎರಡು ಮೀಟರ್ ದೂರ ನಿಲ್ಲಬೇಕಿದ್ದ ಆ ವರ್ಷ, ನನ್ನ ಮನೆಯವರನ್ನು ಬಿಟ್ಟರೆ ನನ್ನ ಕೈ ಹಿಡಿದ ಮನುಷ್ಯರು ಅವರೊಬ್ಬರೇ.

ಡೈವ್ ಮುಗಿದ ಮೇಲೆ ಮೆಟ್ಟಿಲ ಎರಡು ತುದಿಗಳಲ್ಲಿ ಕೂತು ಟೀ ಕುಡಿಯುತ್ತಿದ್ದೆವು. ನೀರಿಂದ ಬಂದವರೇ ತಾತ ಮೊದಲು ಫೋನ್ ನೋಡುತ್ತಿದ್ದರು. ಒಂದು ದಿನ ಕಾರಣ ಕೇಳಿದೆ. ಈ ಕಡಲಲ್ಲಿ, ಹೊಳೆಗಳಲ್ಲಿ ಯಾರಾದರೂ ಕಾಣೆಯಾದರೆ ಹುಡುಕಲು ಕ್ಲಬ್ಬಿನವರನ್ನು ಕರೆಯುತ್ತಾರೆ, ಆ ಪಟ್ಟಿಯಲ್ಲಿ ತಾನಿದ್ದೇನೆ ಎಂದರು.

ಯಾರಿಗೂ ಹೇಳದಿದ್ದದ್ದು ಆಗ ಬಾಯಿಗೆ ಬಂತು. ನನಗೆ ಹತ್ತು ವರ್ಷವಿದ್ದಾಗ ಅಣ್ಣ ಗೆಳೆಯರ ಜೊತೆ ಶ್ರೀರಂಗಪಟ್ಟಣದ ಹತ್ತಿರ ಕಾವೇರಿಗೆ ಇಳಿದವನು ಮೇಲೆ ಬರಲಿಲ್ಲ. ಸಿಕ್ಕಿದ್ದು ಮೂರನೆಯ ದಿನ. ಅಮ್ಮ ಆಮೇಲೆ ನನ್ನನ್ನು ಕೆರೆಯ ಏರಿಯ ಮೇಲೂ ನಡೆಯಲು ಬಿಟ್ಟವಳಲ್ಲ.

“ಯಾರು ಹುಡುಕಿಕೊಟ್ರು?” ಎಂದರು ತಾತ.

“ಹರಿಗೋಲಿನವರು ಯಾರೋ. ಅಂದ್ರೆ, ಅಲ್ಲಿಯ ಬುಟ್ಟಿ ದೋಣಿಯವರು. ಹೆಸರೂ ಕೇಳ್ಲಿಲ್ಲ ನಾವು.”

“ಅದು ಹೆಸರು ಕೇಳೋ ಹೊತ್ತಲ್ಲ. ನಾವೂ ಮನೆಯವರ ಮುಖ ನೋಡಲ್ಲ. ತಂದು ಒಪ್ಪಿಸಿ, ಮನೆಗೆ ಹೋಗಿ ಟೀ ಮಾಡ್ಕೋತೀವಿ.”

“ನಿಮಗೆ ಭಯ ಆಗಲ್ವಾ?”

“ಆಗತ್ತೆ. ಸಿಗದೇ ಹೋದ್ರೆ ಅಂತ.” ಕಪ್ಪಿನಲ್ಲಿ ಉಳಿದದ್ದನ್ನು ಚೆಲ್ಲಿ ಎದ್ದರು. “ನೀನು ಇಳೀತಿರೋದು ಅಮ್ಮನಿಗೆ ಗೊತ್ತಾ?”

“ಇಲ್ಲ.”

“ಹೇಳ್ಬಿಡು.”

ಹೇಳಲಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಎಲ್ಲ ಮುಚ್ಚಿತು. ನನ್ನ ಪರೀಕ್ಷೆಯ ಡೈವ್ ಒಂದು ಬಾಕಿ ಉಳಿಯಿತು. “ಕಡಲೇನು ಓಡಿಹೋಗಲ್ಲ,” ಎಂದರು ತಾತ.

ಜನವರಿಯಲ್ಲಿ ಗೋಡೆಯಾಚೆ ಅವರ ಕೆಮ್ಮು ಕೇಳತೊಡಗಿತು. ಹೇಗಿದ್ದೀರಿ ಎಂದು ಮೆಸೇಜ್ ಹಾಕಿದರೆ ‘ಗ್ರ್ಯಾಂಡ್’, ಅಂದರೆ ಚೆನ್ನಾಗಿದ್ದೇನೆ, ಎಂದು ಉತ್ತರ. ಈ ದೇಶದಲ್ಲಿ ಆರಾಮಾಗಿರುವವರೂ ಅದನ್ನೇ ಹೇಳುತ್ತಾರೆ, ಆರಾಮಿಲ್ಲದವರೂ ಅದನ್ನೇ ಹೇಳುತ್ತಾರೆ. ಅಷ್ಟು ವರ್ಷ ಇಲ್ಲಿದ್ದ ನನಗೆ ಅದು ತಿಳಿಯದ್ದಲ್ಲ. ಆದರೂ ನಾಲ್ಕು ದಿನ ನಂಬಿದೆ. ಮನೆಯಲ್ಲಿ ಚಿಕ್ಕ ಮಗಳಿದ್ದಳು, ಅವರ ಬಾಗಿಲಿಗೆ ಹೋಗಲು ನನಗೇ ಹೆದರಿಕೆಯಿತ್ತು... ಐದನೆಯ ದಿನ ಕೆಮ್ಮು ನಿಂತಿತು. ಆಗ ಆಂಬುಲೆನ್ಸಿಗೆ ಫೋನ್ ಮಾಡಿದೆ.

ಗಾಲಿಕುರ್ಚಿ ಬೇಡವೆಂದು ಜಗಳವಾಡಿ, ಆಂಬುಲೆನ್ಸಿನ ಇಬ್ಬರ ತೋಳು ಹಿಡಿದು ತಾತ ನಡೆದೇ ಹೊರಗೆ ಬಂದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿ ಮಾಸ್ಕ್ ಕೆಳಗೆ ಜಗ್ಗಿದರು. “ನಾಳೆ ಕಸದ ಗಾಡಿ ಬರತ್ತೆ. ನನ್ನ ಬಿನ್ನೂ ಹೊರಗಿಟ್ಟುಬಿಡು,” ಎಂದರು. ಇಟ್ಟೆ. ಒಂಬತ್ತು ದಿನದ ಮೇಲೆ ಅವರು ಹೋದರೆಂದು ಸುದ್ದಿ ಬಂತು.

ಅಂತ್ಯಕ್ರಿಯೆಯ ದಿನ ಚರ್ಚಿನೊಳಗೆ ಹತ್ತೇ ಜನಕ್ಕೆ ಅವಕಾಶ. ಉಳಿದವರು ರಸ್ತೆಯ ಎರಡೂ ಬದಿ ದೂರದೂರ ನಿಂತೆವು. ಬಡಾವಣೆಯಿಂದ ಕಲ್ಲುಕಟ್ಟೆಯವರೆಗೂ ಜನ. ಡೈವಿಂಗ್ ಕ್ಲಬ್ಬಿನವರು ತಮ್ಮ ಜಾಕೆಟ್ ತೊಟ್ಟು ನೀರಿಗೆ ಬೆನ್ನುಮಾಡಿ ಸಾಲಾಗಿ ನಿಂತಿದ್ದರು. ಅವರ ಪಕ್ಕದಲ್ಲಿ, ಡೈವಿಂಗಿಗೆ ಸಂಬಂಧವಿಲ್ಲದಂತೆ ಕಂಡ ಕೆಲವು ಮುದುಕಿಯರು, ಮಧ್ಯವಯಸ್ಸಿನ ಗಂಡಹೆಂಡಿರು. ಯಾರೆಂದು ನಾನು ಕೇಳಲಿಲ್ಲ, ತಿಳಿಯಿತು: ತಾತ ನೀರಿನಿಂದ ಹುಡುಕಿ ತಂದವರ ಮನೆಯವರು. ಶವಪೆಟ್ಟಿಗೆ ಹೊತ್ತ ಕರಿಯ ಕಾರು ನಮ್ಮ ಮುಂದೆ ನಿಧಾನಕ್ಕೆ ಸಾಗಿದಾಗ ಮಗಳು ನನ್ನ ಕೋಟು ಜಗ್ಗಿದಳು. “ಈಸ್ ತಾತ ಇನ್ ದೇರ್?” ಹೌದೆಂದು ತಲೆಯಾಡಿಸಿದೆ.

ಮುಂದಿನ ಬೇಸಿಗೆಯಲ್ಲಿ ಬಾಕಿ ಡೈವ್ ಮುಗಿಸಿದೆ. ಜೊತೆಗೆ ಇಳಿದವರು ತಾತನ ಬಳಿಯೇ ಕಲಿತ ಹೆಂಗಸು, ಕೈ ಹಿಡಿಯಬೇಕಾಗಲಿಲ್ಲ. ಆಮೇಲೆ ನಾನು ಅಷ್ಟಾಗಿ ಇಳಿಯಲಿಲ್ಲ. ಪಕ್ಕದ ಮನೆ ಮಾರಿಹೋಯಿತು. ಅಮ್ಮನಿಗೆ ಹೇಳುವುದು ಮಾತ್ರ ವರ್ಷದಿಂದ ವರ್ಷಕ್ಕೆ ಉಳಿದೇ ಹೋಯಿತು.

ಡಬ್ಬ ತೆರೆದ ವಾರದ ಮೇಲೆ, ಈ ಭಾನುವಾರ ಮಧ್ಯಾಹ್ನ ವಿಡಿಯೋ ಕಾಲ್‌ನಲ್ಲಿ ಹೇಳಿದೆ. ಅಮ್ಮ ಈಗ ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

“ಒಳಗೆ ಕತ್ತಲಾಗಿರತ್ತಾ?” ಎಂದಳು.

“ಇಲ್ಲಮ್ಮ. ಬೆಳಕಿರತ್ತೆ. ಹಸಿರು ಬೆಳಕು.”

“ಹೊಳೆಯಲ್ಲೂ ಹಾಗೇನಾ?”

ಹೊಳೆಯೊಳಗೆ ನಾನು ಇಳಿದಿಲ್ಲ. “ಹಾಗೇ ಅಮ್ಮ,” ಎಂದೆ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡದ್ದು ಕಂಡಿತು. “ಯಾರು ಕಲಿಸಿದ್ದು ನಿಂಗೆ?”

“ಪಕ್ಕದ ಮನೆಯವರು.”

“ಅವರಿಗೆ ಫೋನ್ ಕೊಡು. ಒಂದು ಮಾತು ಹೇಳ್ಬೇಕು.”

“ಅವರು ಹೋಗಿ ನಾಲ್ಕು ವರ್ಷದ ಮೇಲಾಯ್ತಮ್ಮ.”

“ಹೌದಾ,” ಎಂದಳು ಅಮ್ಮ. ಇಬ್ಬರೂ ಫೋನ್ ಇಡಲಿಲ್ಲ.