ಸರದಿ ತಂತ್ರಾಂಶಕ್ಕೆ ಹೊಣೆಗಾರರು ಯಾರು?

ಗಣಿಗಾರಿಕೆ ಜೋರಾಗಿದ್ದ ವರ್ಷಗಳಲ್ಲಿ ನಾನು ಬಳ್ಳಾರಿಯ ಒಂದು ನೀರಾವರಿ ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದೆ. ಯಾವ ಉಪಕಾಲುವೆಗೆ ಯಾವ ದಿನ ನೀರು ಬಿಡಬೇಕು, ಯಾವ ತೂಬು ಎಷ್ಟು ಹೊತ್ತು ತೆರೆದಿರಬೇಕು ಎಂದು ಸರದಿ ಗೊತ್ತುಮಾಡುವುದು ನನ್ನ ಮುಖ್ಯ ಕೆಲಸ.

ಆ ಲೆಕ್ಕವನ್ನು ಮೊದಲು ಕೈಯಲ್ಲೇ ಹಾಕುತ್ತಿದ್ದೆವು. ಅದೇ ಊರಿನ ಕೌಲ್ ಬಜಾರಿನ ಹುಡುಗ ರಹಮತ್ ಕಿರಿಯ ಎಂಜಿನಿಯರ್ ಆಗಿ ಸೇರಿದ ಮೇಲೆ ಅದಕ್ಕೊಂದು ತಂತ್ರಾಂಶ ಬರೆದ. ಮೇಲಧಿಕಾರಿಗಳ ಒಪ್ಪಿಗೆ ಪಡೆದು ಅದನ್ನು ಓಪನ್ ಸೋರ್ಸ್ ಮಾಡಿ ಅಂತರ್ಜಾಲದ ತಾಣವೊಂದಕ್ಕೆ ಹಾಕಿದ. ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ನಕಲು ಮಾಡಿಕೊಂಡು ತಿದ್ದಬಹುದು. ಸರ್ಕಾರಿ ಸಂಬಳದಲ್ಲಿ ಮಾಡಿದ್ದು ಎಲ್ಲರಿಗೂ ಸಿಗಲಿ ಎಂಬುದು ಅವನ ಮಾತು. ಕುರುಗೋಡು ಮತ್ತು ಸಿರುಗುಪ್ಪದ ಕಚೇರಿಗಳೂ ಅದನ್ನೇ ಬಳಸತೊಡಗಿದವು.

ಆಗ ಗಣಿ ಕಂಪನಿಗಳು ಕಂಪ್ಯೂಟರ್ ಬಲ್ಲ ಎಂಜಿನಿಯರುಗಳನ್ನು ಹುಡುಕಿ ಹುಡುಕಿ ಕರೆದೊಯ್ಯುತ್ತಿದ್ದವು. ರಹಮತ್ ಕೂಡ ಹೋದ. ಹೋಗುವಾಗ ಜೀಪಿನ ಕೀಲಿ, ಸರ್ವೆ ಉಪಕರಣ ಎಲ್ಲವನ್ನೂ ಒಪ್ಪಿಸಿದ. ತಂತ್ರಾಂಶದ ಬಗ್ಗೆ ಯಾರೂ ಕೇಳಲಿಲ್ಲ. ತಾಣದಲ್ಲಿದ್ದ ಖಾತೆ ಅವನ ಸ್ವಂತ ಹೆಸರಿನಲ್ಲೇ ಉಳಿಯಿತು. ಬೇರೆಯವರು ಕಳಿಸಿದ ತಿದ್ದುಪಡಿಯನ್ನು ಒಪ್ಪಿ ಸೇರಿಸಲು ಆ ಖಾತೆಯಿಂದ ಮಾತ್ರ ಸಾಧ್ಯವಿತ್ತು.

ಮರುವರ್ಷ ನಾಟಿಯ ಕಾಲದಲ್ಲಿ ಕುರುಗೋಡಿನ ಹತ್ತಿರ ಕಾಲುವೆಯ ಏರಿ ಕುಸಿಯತೊಡಗಿತು. ದುರಸ್ತಿಗೆಂದು ಕೆಲವು ದಿನ ನೀರು ನಿಲ್ಲಿಸಬೇಕಾಯಿತು. ಅಲ್ಲಿನ ಎಂಜಿನಿಯರ್ ವೀರೇಶ್ ತನ್ನ ಪ್ರತಿಯಲ್ಲಿ ಅದಕ್ಕೆ ತಕ್ಕಂತೆ ಲೆಕ್ಕ ತಿದ್ದಿಕೊಂಡ. ತಿದ್ದಿದ್ದನ್ನು ಸಾರ್ವಜನಿಕ ತಾಣಕ್ಕೂ ಕಳಿಸಿದ. ಒಪ್ಪಿಕೊಳ್ಳುವವರೇ ಇಲ್ಲದೆ ಅದು ಅಲ್ಲೇ ಕೊಳೆಯಿತು. ಕಾಲುವೆಯ ಕೆಳಭಾಗದ ಸಿರುಗುಪ್ಪ ಕಚೇರಿಯವರು ಹಳೆಯ ಪ್ರತಿ ನೋಡಿ ತಮ್ಮ ವ್ಯಾಪ್ತಿಯ ಕರೂರು ಎಂಬ ಊರಿನ ರೈತರಿಗೆ ನೀರು ಬರುವ ದಿನ ಹೇಳಿಬಿಟ್ಟಿದ್ದರು.

ಆ ದಿನ ಕಾಲುವೆಯಲ್ಲಿ ನೀರಿರಲಿಲ್ಲ. ಸುದ್ದಿ ತಿಳಿದು ನಾನು ಕರೂರಿಗೆ ಹೋದಾಗ ಹನುಮಕ್ಕ ಎಂಬ ರೈತ ಮಹಿಳೆ ಜೀಪಿಗೆ ಅಡ್ಡ ನಿಂತಳು.

"ಸಸಿ ಕಿತ್ತು ಬದುವಿನ ಮ್ಯಾಲೆ ಇಟ್ಟೀವ್ರಿ. ನೀರು ಬರೋ ದಿನ ಹೇಳಿದೋರು ನೀವ. ನೀರೆಲ್ಲಿ ಐತಿ, ತೋರಿಸ್ರಿ."

ಕಿತ್ತ ಸಸಿ ಬಹಳ ಹೊತ್ತು ಉಳಿಯುವುದಿಲ್ಲ. ಕುರುಗೋಡಿನ ಬಳಿಯ ಮೇಲಿನ ತೂಬನ್ನು ತಾವೇ ತೆರೆಯುತ್ತೇವೆಂದು ಊರಿನ ಗಂಡಸರು ಆಗಲೇ ಟ್ರ್ಯಾಕ್ಟರ್ ಏರಿ ಹೊರಟಿದ್ದರು. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ತೂಬಿನ ಎರಡೂ ಬದಿ ಜನ ಸೇರಿದ್ದರು, ಕೆಲವರ ಕೈಯಲ್ಲಿ ಗುದ್ದಲಿಗಳಿದ್ದವು. ಮೇಲ್ಭಾಗದ ರೈತರಿಗೆ ಏರಿ ಒಡೆದು ಹೊಲ ಮುಳುಗುವ ಭಯ. ವೀರೇಶನೂ ನಾನೂ ಏರಿಯ ಮೇಲೆ ನಡೆದು ನೋಡಿದೆವು. ಅರ್ಧ ಹರಿವನ್ನು ಅದು ತಡೆಯುತ್ತದೆ ಅನಿಸಿತು. ದುರಸ್ತಿ ಮುಂದೂಡಿ ತೂಬನ್ನು ಅರ್ಧ ತೆರೆಸಿದೆ. ಏರಿ ನಿಂತಿತು. ಆದರೆ ನೀರು ಕರೂರು ಮುಟ್ಟುವ ಹೊತ್ತಿಗೆ ಹನುಮಕ್ಕನ ಸಸಿಯಲ್ಲಿ ಬಹುಪಾಲು ಹಳದಿಯಾಗಿತ್ತು. ನೆರೆಯವರು ತಮ್ಮಲ್ಲಿ ಮಿಕ್ಕ ಸಸಿ ಕೊಟ್ಟರೂ ಆಕೆಯ ಗದ್ದೆಯ ಒಂದು ಭಾಗ ಮಾತ್ರ ನಾಟಿಯಾಯಿತು.

ಬಳ್ಳಾರಿಯ ಸಭೆಯಲ್ಲಿ ಮೇಲಧಿಕಾರಿಗಳು ಕೆಂಡವಾಗಿದ್ದರು. "ಎಲ್ಲರ ಕೈಗೂ ಕೊಟ್ಟಿದ್ದಕ್ಕೇ ಹಿಂಗಾಗೇತಿ. ಮುಚ್ಚಿಬಿಡ್ರಿ ಅದನ್ನ. ಯಾವುದಾದ್ರೂ ಕಂಪನಿಗೆ ವಹಿಸೋಣು."

"ಸರ್, ಕುರುಗೋಡಿನವರದೂ ಸಿರುಗುಪ್ಪದವರದೂ ಲೆಕ್ಕ ತಪ್ಪಿಲ್ಲ," ಎಂದೆ. "ಇಬ್ಬರದ್ರಾಗ ಯಾವುದು ನಡೀಬೇಕು ಅಂತ ಹೇಳೋ ಅಧಿಕಾರ ನಾವು ಯಾರಿಗೂ ಕೊಟ್ಟಿದ್ದಿಲ್ಲ."

ಅವರು ತಕ್ಷಣ ಒಪ್ಪಲಿಲ್ಲ. ವೀರೇಶ್ ಕಳಿಸಿದ ತಿದ್ದುಪಡಿ ಯಾರ ಕಣ್ಣಿಗೂ ಬೀಳದೆ ಕೂತಿದ್ದನ್ನು ಪರದೆಯ ಮೇಲೆ ತೋರಿಸಿದ ಮೇಲೆ, ಒಬ್ಬರಿಗೆ ಆ ಅಧಿಕಾರ ಕೊಟ್ಟು ಒಂದು ಹಂಗಾಮು ನೋಡೋಣ ಎಂದರು.

ರಹಮತ್‌ಗೆ ಫೋನ್ ಮಾಡಿದೆ. ರಜೆಯ ದಿನ ಬಂದ. ವೀರೇಶನ ತಿದ್ದುಪಡಿ ಓದಿ, "ನನಗಿಂತ ಚಲೋ ಬರದಾನ್ರಿ," ಎಂದು ನಕ್ಕ. ಖಾತೆಯನ್ನು ಕಚೇರಿಯ ಹೆಸರಿಗೆ ವರ್ಗಾಯಿಸುವಾಗ ಮಾತ್ರ ಅವನ ಕೈ ನಿಂತಿತು.

"ನನ್ನ ಹೆಸರು ತೆಗೀತೀರೇನ್ರಿ ಮೇಡಂ?"

"ಬರದವನ ಹೆಸರು ಹಂಗ ಇರ್ತೈತಿ ರಹಮತ್. ಜವಾಬ್ದಾರಿ ಅಷ್ಟ ಹುದ್ದೆಗೆ ಹೋಗ್ತೈತಿ."

ಅವನು ತಲೆಯಾಡಿಸಿ ವರ್ಗಾಯಿಸಿದ.

ಅಂದಿನಿಂದ ತಂತ್ರಾಂಶದ ಹೊಣೆ ನನ್ನ ಹುದ್ದೆಗೆ ಬಂತು. ಬದಲಾವಣೆ ಯಾರು ಬೇಕಾದರೂ ಸೂಚಿಸಬಹುದು. ಕುರುಗೋಡು, ಸಿರುಗುಪ್ಪದ ಎಂಜಿನಿಯರುಗಳು ಪರೀಕ್ಷಿಸಬೇಕು. ಆ ಹುದ್ದೆಯಲ್ಲಿರುವವರು ಒಪ್ಪಿದ ಪ್ರತಿಯಂತೆಯೇ ತೂಬು ತೆರೆಯಬೇಕು. ಮುಂದಿನ ಹಂಗಾಮಿನಲ್ಲಿ ಎರಡೂ ಕಚೇರಿಗಳು ನೀರಿಗೆ ಒಂದೇ ದಿನಾಂಕ ಹೇಳಿದವು, ಕರೂರಿಗೆ ಅದೇ ದಿನ ನೀರು ಮುಟ್ಟಿತು.

ಆಮೇಲೆ ನನಗೂ ವರ್ಗಾವಣೆಯಾಯಿತು. ಕೆಲವು ತಿಂಗಳ ನಂತರ ವೀರೇಶ್ ರೂಢಿಯಂತೆ ನನಗೇ ಫೋನ್ ಮಾಡಿ ತಂತ್ರಾಂಶದ ಬಗ್ಗೆ ಒಂದು ಸಂದೇಹ ಕೇಳಿದ. ಉತ್ತರ ನನಗೆ ಗೊತ್ತಿತ್ತು, ನಾಲಿಗೆಯ ತುದಿಗೂ ಬಂದಿತ್ತು.

"ಈಗ ಆ ಕುರ್ಚಿಯಾಗ ಕೂತೋರ್ನ ಕೇಳಪ್ಪಾ," ಎಂದು ಫೋನ್ ಇಟ್ಟೆ.

ಎಲ್ಲರಿಗೂ ತೆರೆದಿಟ್ಟ ಕೆಲಸಕ್ಕೂ ಉತ್ತರ ಹೇಳುವವರು ಒಬ್ಬರು ಸದಾ ಇರಬೇಕು ಎಂಬುದನ್ನು ಕರೂರಿನ ಆ ಒಂದು ದಿನವೇ ಕಲಿಸಿತು. ಆ ಒಬ್ಬರು ಯಾವಾಗಲೂ ನಾನೇ ಆಗಿರಬೇಕೆಂಬ ಆಸೆ ಬಿಡಲು ನಿವೃತ್ತಿಯವರೆಗೂ ಬೇಕಾಯಿತು.