ನನ್ನ ಗಂಡನಿಗಿಲ್ಲದ ಮೀಸೆ

ಗೆಳತಿಯರೇ, ಇವತ್ತು ನಮ್ಮ ಮನೆಯಲ್ಲಿ ಕುಳಿತು ಬೇರೆಯವರ ಗಂಡನಿಗಾಗಿ ಮನಸಾರೆ ಅತ್ತೆವು.

ಪ್ಲೇಗಿಗೆ ಅಂಜಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ನಾವೆಲ್ಲ ನಮ್ಮೂರು ಸುರೇಬಾನಕ್ಕೆ ಮರಳಿದ್ದೇವೆ. ನನ್ನ ಗಂಡ ಮರಳಲಿಲ್ಲ. ಗುಡಿಸಲಲ್ಲಿ ಸತ್ತವರಿಗಾಗಿ ಹಾಡಿ ಅಳಲು ಆಗ ಯಾರೂ ಹತ್ತಿರ ಬರುತ್ತಿರಲಿಲ್ಲ. ಅದಕ್ಕೇ ಇವತ್ತು ಪಕ್ಕದ ಮನೆಯ ನಿಂಗವ್ವ ಬಂದು, ನನ್ನನ್ನು ತಬ್ಬಿಕೊಂಡು ಶುರು ಮಾಡಿದಳು.

"ಹುರಿಮೀಸಿ ಸರದಾರಾ, ಹೋರಿ ಕೊಂಬ ಹಿಡದ ನಿಂದರಸತಿದ್ಯಲ್ಲೋ..."

ನನ್ನ ಗಂಡನಿಗೆ ಮೀಸೆಯೇ ಇರಲಿಲ್ಲ. ಎತ್ತು ತಲೆ ಕೊಡವಿದರೆ ಸಾಕು, ಕಟ್ಟೆ ಹತ್ತುತ್ತಿದ್ದ. ಮೀಸೆ, ಧೈರ್ಯ ಎರಡೂ ನಿಂಗವ್ವನ ಗಂಡನವು. ಅವನೂ ಗುಡಿಸಲಲ್ಲೇ ತೀರಿಕೊಂಡಿದ್ದ. ಆಗಿನಿಂದ ಇವಳು ಅತ್ತಿದ್ದನ್ನು ಯಾರೂ ಕಂಡಿರಲಿಲ್ಲ.

"ನನ್ನ ಮಗಗ ಮೀಸಿ ಎಲ್ಲಿದ್ವು? ಅಕಿಗೆ ಹೇಳ," ಎಂದು ಅತ್ತೆ ನನ್ನ ಕಿವಿಯಲ್ಲಿ ಗೊಣಗಿದರು.

"ಸುಮ್ಮಿರ್ರಿ ಅತ್ತಿ, ಅಳ್ಲಿ," ಎಂದು ನಾನೂ ಆ ಮೀಸೆಗೇ ದನಿ ಸೇರಿಸಿದೆ. ಅಳುತ್ತ ಅಳುತ್ತ ನನ್ನವನ ನುಣ್ಣನೆಯ ಮುಖ ಕಣ್ಣಿಗೆ ಕಟ್ಟಿ, ಇಷ್ಟು ದಿನ ಬಾರದ ಕಣ್ಣೀರು ಬಂತು. ಕಡೆಗೆ ಅತ್ತೆಯೂ ತಡೆದುಕೊಳ್ಳಲಿಲ್ಲ.

ಹೊರಡುವಾಗ ನಿಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನಡುವ ನನಗ ಗೊತ್ತಾತವಾ, ತಪ್ಪ ಹಾಡಾಕತ್ತೇನಿ ಅಂತ. ನೀ ತಡೀಲಿಲ್ಲ, ಭಾಳ ಉಪಕಾರ ಆತು."

"ನಂದೂ ಎದಿ ಹಗರಾತು," ಎಂದೆ.

"ನಾಳೆ ನಮ್ಮ ಮನಿಗೆ ಬಾ. ನಿನ್ನ ಗಂಡಗ ಅಲ್ಲೆ ಅಳೂಣು. ಎತ್ತಿಗೆ ಅಂಜತಿದ್ದಾ ಅನ್ನೂದೂ ಸೇರಸ್ತೇನಿ."

ಗಂಡನ ಮಾನ ಉಳಿಯಬೇಕಾದರೆ ನಾಳೆ ನಾನೇ ಮೊದಲು ಅಳಲು ಶುರು ಮಾಡಬೇಕು.