ಒಣಗದ ಬೋರ್ಡು

ಹುಚ್ಚು ಬಿಡುವವರೆಗೂ ಮದುವೆಯಾಗಲ್ಲ, ಮದುವೆಯಾಗುವವರೆಗೂ ಹುಚ್ಚು ಬಿಡಲ್ಲ ಅನ್ನುತ್ತಾರೆ. ನಮ್ಮ ಭಾವನಿಗೆ ಮದುವೆಯೂ ಆಯಿತು, ಹುಚ್ಚೂ ಬಿಡಲಿಲ್ಲ. ಕಟ್ಟಿಕೊಂಡವಳು ನನ್ನ ಅಕ್ಕ.

ಭಾವ ಬೋರ್ಡು ಬರೆಯುವವರು. ಬರೆಯುವ ಮಾತು ಮೊದಲು ಮೈಗೆ ಹತ್ತಬೇಕು ಎನ್ನುವುದು ಅವರ ಪದ್ಧತಿ. ಹತ್ತಿದ್ದು ಬೋರ್ಡಿನ ಬಣ್ಣ ಒಣಗುವವರೆಗೂ ಇಳಿಯುವುದಿಲ್ಲ. ಐಸ್‌ಕ್ರೀಮ್ ಅಂಗಡಿಗೆ ಬರೆದ ದಿನ ಕಂಬಳಿ ಹೊದ್ದು ನಡುಗುತ್ತ ಕೂತಿದ್ದರು. ಬೇರೆಯವರಾಗಿದ್ದರೆ ನಾಟಕ ಅನ್ನುತ್ತಿದ್ದೆ. ಇವರಿಗೆ ಅಷ್ಟು ಬುದ್ಧಿಯಿಲ್ಲ.

ಇಂಥವರ ಹತ್ತಿರ ಹೋಗಿ ಹೋಗಿ ಮಾನಸಿಕ ರೋಗದ ಡಾಕ್ಟರು ಬೋರ್ಡು ಬರೆಸಲು ಬಂದರು.

"ಈ ಪದಗಳನ್ನ ಎಲ್ರೂ ಆಡ್ತಾರೆ, ಅರ್ಥ ಗೊತ್ತಿರಲ್ಲ. ರೋಗಿಗಳು ಕಾಯೋವಾಗ ಓದ್ಕೊಳ್ಳಲಿ" ಎಂದು ನಾಲ್ಕು ಪದಗಳ ಚೀಟಿ ಕೊಟ್ಟರು.

ಮೊದಲು 'ಗೀಳು: ಬೇಡವೆಂದರೂ ಬಿಡದ ಯೋಚನೆ, ಅದಕ್ಕಾಗಿ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದು.' ಬೆಳಗಿನಿಂದ ಭಾವ ಬಾಗಿಲ ಚಿಲಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಹಾಲಿನವನು ಬೇಸತ್ತು ಕಿಟಕಿಯಲ್ಲಿ ಹಾಲು ಕೊಟ್ಟು ಹೋದ. ಆಮೇಲೆ 'ಫೋಬಿಯಾ: ಅಪಾಯ ಮಾಡದ ವಸ್ತುವಿಗೂ ವಿಪರೀತ ಹೆದರುವುದು.' ಬಚ್ಚಲಿನ ಬಕೆಟ್ಟು ಕಂಡು ಮೇಜಿನ ಮೇಲೆ ಹತ್ತಿದವರು ಇಳಿಯಲೇ ಇಲ್ಲ. ಅದು ಒಣಗಿತೋ ಇಲ್ಲವೋ, 'ನಿರಾಕರಣೆ: ಕಣ್ಣೆದುರಿನ ಸತ್ಯವನ್ನೂ ಒಪ್ಪದಿರುವುದು.'

"ಭಾವ, ಬಕೆಟ್ ಒಳಗೆ ಕಾಲಿಟ್ಟಿದ್ದೀರಿ."

"ಯಾವ ಬಕೆಟ್ಟು?" ಎಂದು ಬಕೆಟ್ಟಿನ ಸಮೇತ ಪೇಟೆಗೆ ಹೋಗಿಬಂದರು. ನನಗೆ ತಲೆ ಚಿಟ್ಟು ಹಿಡಿಯಿತು.

ಮರುದಿನಕ್ಕೆ ಉಳಿದದ್ದು ಒಂದೇ. 'ವಿಸ್ಮೃತಿ: ತನ್ನ ಬದುಕಿನ ಮುಖ್ಯ ಸಂಗತಿಗಳನ್ನೇ ಮರೆತುಬಿಡುವುದು.'

ಅಕ್ಕ ಕುಂಚ ಹಿಡಿದ ಕೈಯನ್ನೇ ಹಿಡಿದುಕೊಂಡಳು. "ಇದೊಂದು ಬೇಡ ರೀ. ನನ್ನನ್ನೇ ಮರೆತರೆ?"

"ಒಣಗೋವರೆಗೆ ತಾನೇ? ಸುಮ್ನಿರೇ."

"ಹೊರಗೆ ಮೋಡ. ಒಣಗದೇ ಇದ್ರೆ?"

ಅವಳ ಮಾತಿಗೆ ಆ ಮನೆಯಲ್ಲಿ ಎಂದು ಬೆಲೆಯಿತ್ತು? ಭಾವ ಬರೆದರು. ನಾನು ಫ್ಯಾನನ್ನು ಬೋರ್ಡಿನ ಕಡೆ ತಿರುಗಿಸಿ ಜೋರು ಮಾಡಿದೆ. ಕೊನೆಯ ಅಕ್ಷರ ಮುಗಿಸಿ ತಲೆಯೆತ್ತಿದವರು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ಕಂಡು ಗೌರವದಿಂದ ಎದ್ದು ನಿಂತರು.

"ಕ್ಷಮಿಸಿ, ಗುರುತು ಸಿಗಲಿಲ್ಲ."

ಅಕ್ಕನ ಮುಖ ಬಿಳಿಚಿಕೊಂಡಿತು. ನಾನು ರೇಗಿದೆ. "ಹೆಂಡ್ತಿ ಕಣ್ರೀ ಅವಳು."

ಅದು ಅವರ ಕಿವಿಗೇ ಬೀಳಲಿಲ್ಲ. ಅಕ್ಕನ ಹಿಟ್ಟು ಮೆತ್ತಿದ ಕೈಯನ್ನೇ ನೋಡುತ್ತಿದ್ದರು.

"ತುಂಬಾ ಹೊತ್ತಿಂದ ನಿಂತೇ ಇದ್ದೀರಿ ಅನ್ಸುತ್ತೆ. ಕೂತ್ಕೊಳ್ಳಿ. ನಿಮ್ಮ ಊಟ ಆಯ್ತಾ?"

ಮದುವೆಯಾದ ಮೇಲೆ ಅಕ್ಕನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ತಂಗಿಯಾದ ನಾನೂ ಕೇಳಿರಲಿಲ್ಲ. ಅವಳು ಕುರ್ಚಿಯಲ್ಲಿ ಕೂತು ಅಳತೊಡಗಿದಳು. ಭಾವ ಒಳಗೆ ಹೋಗಿ ತಟ್ಟೆ ಹುಡುಕಿ, ಅನ್ನ ಬಡಿಸಿ ತಂದು ಕೊಟ್ಟರು. ಎದುರಿಗೆ ಕೂತು, ನಿಮಗೆ ಯಾವ ಬಣ್ಣ ಇಷ್ಟ ಎಂದು ಕೇಳಿದರು. ಅಕ್ಕ ಬಹಳ ಹೊತ್ತು ಯೋಚಿಸಿ, ಹಳದಿ ಎಂದಳು. ನನಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಮೋಡ ಸರಿದು ಬಿಸಿಲು ಬಂತು. ನಾನು ಬೋರ್ಡು ಮುಟ್ಟಿ ನೋಡಿದೆ, ಬೆರಳಿಗೆ ಬಣ್ಣ ಹತ್ತಲಿಲ್ಲ.

"ಏಯ್, ಎಲ್ಲಿ ಸತ್ತೆ? ಕಾಫಿ ತಗೊಂಡ್ ಬಾ" ಎಂದು ಭಾವ ಕೂಗಿದರು.

ಸದ್ಯ, ಬದುಕಿದೆವು ಅಂದುಕೊಂಡೆ. ಅಕ್ಕ ಕಾಫಿ ತಂದು ಮುಂದಿಟ್ಟಳು. ಕುಂಚವನ್ನು ಬಣ್ಣದಲ್ಲಿ ಅದ್ದಿ ಅವರ ಕೈಗೆ ಕೊಟ್ಟಳು.

"ಅಕ್ಷರ ತೆಳುವಾಗಿದೆ ರೀ. ಇನ್ನೊಂದು ಕೋಟ್ ಹೊಡೀರಿ" ಎಂದಳು. ಆಮೇಲೆ ಹೋಗಿ ಫ್ಯಾನ್ ಆರಿಸಿದಳು.